ಅಬ್ಬಿಯ ಬಾಯಿಗೆ ಇಟ್ಟ ಬೆಣೆ

ನನ್ನ ತಾಯಿಯ ಬಾಯಿ ಒಮ್ಮೆ ಮುಚ್ಚಿದರೆ ಸಾಕು ಎಂದು ಬಯಸಿದವರು ನಮ್ಮ ಮನೆಯಲ್ಲಿ ಹಲವರಿದ್ದರು. ಅದು ಮುಚ್ಚಿಹೋಗದಂತೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಕಿರಿಮಂಜೇಶ್ವರದ ಹತ್ತಿರ, ಗದ್ದೆ ಬಯಲಿನ ಅಂಚಿಗೆ ನಮ್ಮ ಮನೆ. ನಮ್ಮಲ್ಲಿ ಸಂತಾನ ನಡೆಯುವುದು ತಾಯಿಯ ಕಡೆಯಿಂದ. ಮನೆ ಹೆಣ್ಣುಮಕ್ಕಳದ್ದು, ಯಜಮಾನಿಕೆ ಅವರ ಸೋದರನದ್ದು. ಹಾಗಾಗಿ ಯಜಮಾನ ನನ್ನ ಮಾವ. ಅವರು ಅಬ್ಬಿಯ ಕೊನೆಯ ತಮ್ಮ. ತಾಯಿಯನ್ನು ನಾನು ಅಬ್ಬಿ ಎಂದೇ ಕರೆಯುತ್ತಿದ್ದದ್ದು. ಅವರಿಬ್ಬರ ನಡುವಿನವಳು ಚಿಕ್ಕಮ್ಮ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಕಳಿಸಿಬಿಟ್ಟಿದ್ದರಿಂದ ಹುಟ್ಟಿದ ಮನೆಗೆ ಮರಳಿದವಳು. ಅಪ್ಪಯ್ಯ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದರು. ನಾನು ಮಂಗಳೂರಿನ ಹಾಸ್ಟೆಲಿನಲ್ಲಿ ಗಂಟೆ ಬಡಿದಾಗ ಎದ್ದು ಗಂಟೆ ಬಡಿದಾಗ ಮಲಗಿ, ಶಿಕ್ಷಕಿಯ ತರಬೇತಿ ಮುಗಿಸಿ, ಬೀಜಾಡಿಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಶಾಲೆಯ ಕಾಗದಪತ್ರ ಮದ್ರಾಸು ಬಿಟ್ಟು ಮೈಸೂರು ಸರ್ಕಾರಕ್ಕೆ ಹೋಗತೊಡಗಿ ಕೆಲವು ವರ್ಷವಾಗಿದ್ದ ಕಾಲ ಅದು.

ಹೆಸರಿಗೆ ಯಜಮಾನ ಮಾವನಾದರೂ ಮನೆ ನಡೆಯುತ್ತಿದ್ದದ್ದು ಅಬ್ಬಿಯ ಮಾತಿನಲ್ಲಿ. ಅವಳ ಮಾತಿನ ಏಟು ತಿನ್ನದವರಿರಲಿಲ್ಲ. ನಾಟಿಗೆ ಬಂದ ಹೆಂಗಸರು ಅವಳ ನೆರಳು ಕಂಡರೆ ಬೆನ್ನು ಬಗ್ಗಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ತಿಂದವಳು ಚಿಕ್ಕಮ್ಮ. ನಮ್ಮ ಮನೆಯ ಎಳೆ ಮಕ್ಕಳಿಗೆಲ್ಲ ಹಾಲು ಕುಡಿಸಿದ ಬೆಳ್ಳಿಯ ಒಳಲೆಯೊಂದು ಅಟ್ಟದ ಮೇಲಿತ್ತು. ನನ್ನ ನಂತರ ಅದಕ್ಕೆ ಕೆಲಸವಿರಲಿಲ್ಲ. ಹಬ್ಬಕ್ಕೆ ಪಾತ್ರೆ ಬೆಳಗುವಾಗಲೆಲ್ಲ ಅಬ್ಬಿ ತಂಗಿಗೆ ಕೇಳುವ ಹಾಗೆ ಹೇಳುತ್ತಿದ್ದಳು: "ಅಟ್ಟದ್ ಮೇಲಿನ ಒಳಲಿ ಕಪ್ಪಾಯ್ತ್. ಬೆಳಗುಕೆ ಒಂದ್ ಕಾರ್ಣ ಕೊಡ್ಲಿಲ್ಲ ನೀನ್." ಚಿಕ್ಕಮ್ಮ ತಲೆ ಎತ್ತದೆ ಹಂಡೆ ತಿಕ್ಕುತ್ತಿದ್ದಳು.

ಅಬ್ಬಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಬೇಕು. ಎಡಗೆನ್ನೆಯಲ್ಲಿ ಅದರ ಉಂಡೆ ಸದಾ ಇರುತ್ತಿತ್ತು. ಮಲಗುವಾಗಲೂ ಉಗುಳುತ್ತಿರಲಿಲ್ಲ. ಆ ಕೆನ್ನೆಯ ಒಳಗೆ ಉರಿ ಎದ್ದಾಗ ಮನೆಯವರೆಲ್ಲ ಸೇರಿ ತಪ್ಪು ಹೊರಿಸಿದ್ದು ಸುಣ್ಣದ ಮೇಲೆ. ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡಿ ಮನೆಮನೆಗೆ ತರುವವನೊಬ್ಬ ಇದ್ದ. ಅಬ್ಬಿ ಅವನ ಮಡಕೆಯನ್ನು ಅಂಗಳಕ್ಕೆ ಎಸೆದು, "ನಿನ್ ಸುಣ್ಣ ಗ್ವಾಡಿಗ್ ಬಳುಕಾತ್, ಮನ್ಷರ್ ಬಾಯಿಗಲ್ಲ" ಎಂದಳು. ಇನ್ನೊಬ್ಬನ ಸುಣ್ಣ ಬಂತು. ಉರಿ ಹೋಗಲಿಲ್ಲ, ಮತ್ತೊಬ್ಬನದ್ದು ಬಂತು. ಹೀಗೆ ಸುಣ್ಣ ಬದಲಿಸುತ್ತ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಹೊಗೆಸೊಪ್ಪನ್ನು ಯಾರೂ ಅನುಮಾನಿಸಲಿಲ್ಲ, ಏಕೆಂದರೆ ಮನೆಯಲ್ಲಿ ಅದನ್ನು ಜಗಿಯದವರು ನಾನೊಬ್ಬಳೇ. ಬೇಸಗೆ ರಜೆಯಲ್ಲಿ ನಾನು ಮನೆಗೆ ಬಂದಾಗ ಕೆನ್ನೆಯ ಹೊರಗೆ ಗಂಟು ಕಾಣುತ್ತಿತ್ತು. ಬಾಯಿ ವಾಸನೆ ಬರುತ್ತಿತ್ತು. ಮರುದಿನವೇ ಮಂಗಳೂರಿಗೆ ಹೊರಡಿಸಿದೆ.

ಅಲ್ಲಿಯ ವೈದ್ಯರು ಸುತ್ತುಬಳಸಿ ಮಾತಾಡುವವರಲ್ಲ. ಕ್ಯಾನ್ಸರ್ ಎಂದರು. ಕೆನ್ನೆ, ಎಡಗಡೆಯ ಕೆಳದವಡೆ, ಅದರ ಹಲ್ಲುಗಳು, ಕುತ್ತಿಗೆಯ ಗಂಟುಗಳು, ಎಲ್ಲ ತೆಗೆಯಬೇಕು. ಹಣೆಯ ಚರ್ಮ ತಂದು ಕೆನ್ನೆ ಮುಚ್ಚಬೇಕು. ಅಬ್ಬಿ ಎಲ್ಲವನ್ನೂ ಕೇಳಿ, ಹಣೆಗೆ ಕುಂಕುಮ ಇಡುವ ಕಾಲ ನನಗೆ ಹೇಗೂ ಮುಗಿದಿದೆ, ತೆಗೆಯಲಿ ಎಂದಳು. ಅದು ಅವಳು ಸ್ಪಷ್ಟವಾಗಿ ಆಡಿದ ಕೊನೆಯ ಮಾತುಗಳಲ್ಲಿ ಒಂದು.

ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಮೂಗಿನೊಳಗೆ ನಳಿಕೆ ಇಟ್ಟು ಗಂಜಿ ತಿಳಿ ಬಿಡುತ್ತಿದ್ದರು. ನಾನು ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಪಟ್ಟಿ ಬಿಚ್ಚಿದ ದಿನ ಅಬ್ಬಿ ಕೈಸನ್ನೆಯಲ್ಲಿ ಕನ್ನಡಿ ಕೇಳಿದಳು. ಕೊಡಬೇಡಿ ಎಂದು ನರ್ಸು ಹೇಳಿದ್ದಳು. ಅಬ್ಬಿ ಸುಮ್ಮನೆ ತನ್ನ ಬಟ್ಟೆಗಂಟಿನಿಂದ ಎಲೆಪೆಟ್ಟಿಗೆ ತೆಗೆಸಿ, ಅದರ ಹಿತ್ತಾಳೆ ಮುಚ್ಚಳವನ್ನು ಸೆರಗಿನಿಂದ ಒರೆಸಿ, ಅದರಲ್ಲಿ ನೋಡಿಕೊಂಡಳು. ಮುಖದ ಎಡಭಾಗ ಒಳಗೆ ಕುಸಿದು, ತುಟಿಯ ಕೊನೆ ಜೋತು, ಅದರಿಂದ ಜೊಲ್ಲು ಇಳಿಯುತ್ತಿತ್ತು. ನೋಡಿ ಮುಗಿಸಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು. ಇನ್ನು ಅದು ಬೇಡ ಎನ್ನುವಂತೆ ಕೈ ಆಡಿಸಿದಳು.

ಮನೆಗೆ ಕಳಿಸುವ ದಿನ ವೈದ್ಯರು ಮಾವನನ್ನೂ ನನ್ನನ್ನೂ ಕೂರಿಸಿ ಹೇಳಿದ್ದು ಇಷ್ಟು. ಗಾಯ ಮಾಗುತ್ತ ಒಳಗಿನ ಚರ್ಮ ಒಣಗಿದ ತೊಗಲಿನಂತೆ ಬಿಗಿಯುತ್ತದೆ. ಬಿಟ್ಟರೆ ಬಾಯಿ ಬೀಗ ಹಾಕಿದಂತೆ ಕೂತುಬಿಡುತ್ತದೆ. ಆಮೇಲೆ ತೆರೆಸುವ ಉಪಾಯ ಇಲ್ಲ. ದಿನಕ್ಕೆ ಮೂರು ಹೊತ್ತು ಹಲ್ಲುಗಳ ನಡುವೆ ಮರದ ಬೆಣೆ ಇಟ್ಟು ಬಾಯಿಯನ್ನು ಅಗಲಿಸಬೇಕು. ಎರಡು ಬೆರಳು ಒಂದರ ಮೇಲೊಂದು ಹಿಡಿಯುವಷ್ಟು ತೆರೆದರೆ ಅನ್ನ ಉಣ್ಣಬಹುದು. ನೋವು ಬಹಳ. ಅಳುತ್ತಾರೆ, ಬೈಯುತ್ತಾರೆ, ಕೇಳಬಾರದು.

ಕೊನೆಗೆ ಅವರು ಕೇಳಿದರು: "ನಿಮ್ಮ ಮನೆಯಲ್ಲಿ ಮನಸ್ಸು ಗಟ್ಟಿ ಇರುವವರು ಯಾರು?"

ಮಾವ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಬೆರಳು ತೋರಿಸಿದರು.

ವಾಪಸು ಬರುವಾಗ ಬ್ರಹ್ಮಾವರ ದಾಟಿದ ಮೇಲೆ ಕುಂಭಾಶಿಯಲ್ಲಿ ಮಾವ ಬಸ್ಸು ನಿಲ್ಲಿಸಿ, ಆನೆಗುಡ್ಡೆಯ ದಿಕ್ಕಿಗೆ ಕೈ ಮುಗಿದು ಹರಕೆ ಹೊತ್ತರು. ಬಸ್ಸಿನಲ್ಲಿದ್ದವರು ಅಬ್ಬಿಯ ಮುಖ ನೋಡಿ, ಆಚೆ ತಿರುಗಿ, ಮತ್ತೆ ನೋಡಿದರು. ನಮ್ಮ ಸಾಲಿನ ಒಂದು ಸೀಟು ಖಾಲಿಯಿತ್ತು; ನಿಂತಿದ್ದವರು ಯಾರೂ ಕೂರಲಿಲ್ಲ.

ಬೆಣೆಯನ್ನು ನಮ್ಮ ಮನೆಯ ನೇಗಿಲು ಮಾಡುವ ಆಚಾರಿಯಿಂದ ಹಲಸಿನ ಮರದಲ್ಲಿ ಮಾಡಿಸಿದೆ. ನೇಗಿಲಿಗೆ ಹೊಡೆಯುವ ಬೆಣೆಯದ್ದೇ ಆಕಾರ, ಸಣ್ಣದು, ನುಣ್ಣಗಿನದ್ದು. ಬೆರಳಿನ ಅಳತೆಗೆ ಗೆರೆ ಹಾಕಿಸಿದೆ. ಕುದಿಯುವ ನೀರಿಗೆ ಹಾಕಿ ತೆಗೆದು, ಬಲಗಡೆ ಉಳಿದ ಹಲ್ಲುಗಳ ನಡುವೆ ಇಟ್ಟು ನಿಧಾನವಾಗಿ ಒತ್ತುವುದು. ಬೆಳಿಗ್ಗೆ ಗಂಜಿಗೆ ಮುಂಚೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು. ನನ್ನ ಹೆಬ್ಬೆರಳು ಅವಳ ಗಲ್ಲದ ಮೇಲೆ, ಇನ್ನೊಂದು ಕೈಯಲ್ಲಿ ಬೆಣೆ. ಗಲ್ಲ ಮುಟ್ಟಿದೊಡನೆ ಬಾಯಿ ತೆರೆಯಬೇಕು ಎಂದು ಅಭ್ಯಾಸ ಮಾಡಿಸಿದೆ. ಒಂದನೇ ಕ್ಲಾಸಿನ ಮಕ್ಕಳಿಗೆ ಸ್ಲೇಟು ಎತ್ತಿ ಹಿಡಿಯಲು ಕಲಿಸಿದ ಹಾಗೆಯೇ.

ಅಬ್ಬಿ ಗಂಟಲಿನೊಳಗೆ ಒರಲುತ್ತಿದ್ದಳು. ಕಣ್ಣೀರು, ಜೊಲ್ಲು, ಒಮ್ಮೊಮ್ಮೆ ರಕ್ತ. ನಾನು ನಿಲ್ಲಿಸುತ್ತಿರಲಿಲ್ಲ. ಮಾವ ಆ ಹೊತ್ತಿಗೆ ಗದ್ದೆಯ ಅಂಚಿಗೆ ಎದ್ದು ಹೋಗುತ್ತಿದ್ದರು. ಚಿಕ್ಕಮ್ಮ ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಶಾಂತವಾಗಿ ಹೇಳಿದಳು: "ಅಕ್ಕಂಗೆ ಇನ್ನ್ ಎಂತಕ್ಕೆ ಬಾಯಿ? ಆಡುದೆಲ್ಲ ಆಡಿ ಮುಗ್ದಿತಲ್ದಾ."

ಅಬ್ಬಿ ಕೇಳಿಸಿಕೊಂಡಳು. ಮೊದಲಾಗಿದ್ದರೆ ಆ ಮಾತಿಗೆ ಚಿಕ್ಕಮ್ಮ ಮೂರು ದಿನ ಊಟ ಬಿಡುವಂತೆ ಉತ್ತರ ಬರುತ್ತಿತ್ತು. ಈಗ ಬೆಣೆ ಕಚ್ಚಿಕೊಂಡ ಬಾಯಿಯಿಂದ ಬರೀ ಉಸಿರು ಬಂತು.

ಶಾಲೆ ತೆರೆಯುವ ಹೊತ್ತಿಗೆ ಒಂದೂವರೆ ಬೆರಳು ಆಗಿತ್ತು. ನನ್ನ ರಜೆ ಮುಗಿದಿತ್ತು. ಮಾವನ ಕೈಗೆ ಬೆಣೆ ಕೊಟ್ಟು, ಎದುರಿಗೇ ಮಾಡಿಸಿ ಕಲಿಸಿ, ಹೊತ್ತು ತಪ್ಪಿಸುವುದಿಲ್ಲವೆಂದು ದೇವರ ದೀಪದ ಮುಂದೆ ಮಾತು ತೆಗೆದುಕೊಂಡು ಬೀಜಾಡಿಗೆ ಹೋದೆ. ಶನಿವಾರ ಬಂದು ನೋಡುವುದು ಎಂದು ನನ್ನ ಲೆಕ್ಕ. ಆದರೆ ಆ ಮಳೆಗಾಲ ಹೊಳೆ ಕೆಂಪಾಗಿ ತುಂಬಿ ಹರಿದು, ದೋಣಿಯವರು ಹಗ್ಗ ಬಿಚ್ಚಲೇ ಇಲ್ಲ. ಕೆಲವು ವಾರ ನನಗೆ ಮನೆಗೆ ಬರಲಾಗಲಿಲ್ಲ.

ಬಂದಾಗ ಅಬ್ಬಿ ಚಾವಡಿಯ ಗೋಡೆಗೆ ಒರಗಿ ಕೂತಿದ್ದಳು. ಅವಳ ತಲೆ ಚಿಕ್ಕಮ್ಮನ ತೋಳಿನ ಮೇಲೆ. ಚಿಕ್ಕಮ್ಮನ ಕೈಯಲ್ಲಿ ಒಳಲೆ. ಬೂದಿ ಹಾಕಿ ತಿಕ್ಕಿ ತಿಕ್ಕಿ ಅದು ಹೊಸದರಂತೆ ಹೊಳೆಯುತ್ತಿತ್ತು. ಅದರ ಮೂತಿಯನ್ನು ತುಟಿಯ ಸಂದಿಗೆ ಇಟ್ಟು, ಗಂಜಿ ತಿಳಿ ಬಿಡುತ್ತ ಚಿಕ್ಕಮ್ಮ ಹೇಳುತ್ತಿದ್ದಳು: "ಕುಡಿ ಮಗಾ, ಕುಡಿ." ಅವಳ ದನಿಯಲ್ಲಿ ಇಷ್ಟು ವರ್ಷ ಕೇಳದ ಮೃದುತನ ಇತ್ತು. ಅಬ್ಬಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು.

ಬೆಣೆ ಅಟ್ಟದ ಮೇಲಿತ್ತು. ಒಳಲೆ ಇದ್ದ ಜಾಗದಲ್ಲೇ.

ಬಾಯಿ ಒಂದು ಬೆರಳಿಗೂ ತೆರೆಯುತ್ತಿರಲಿಲ್ಲ. ಮಾವ ತಪ್ಪು ಮಾಡಿದೆ ಎನ್ನಲಿಲ್ಲ. ಅಕ್ಕನ ಕೂಗು ಕೇಳಿ ತನಗೆ ಊಟ ಸೇರುತ್ತಿರಲಿಲ್ಲ, ಈಗ ಅವಳು ನೆಮ್ಮದಿಯಾಗಿದ್ದಾಳೆ, ಕುಡಿಯುತ್ತಾಳೆ, ಮಲಗುತ್ತಾಳೆ, ಇನ್ನೇನು ಬೇಕು ಎಂದರು. ಅವರ ಕರುಣೆಗೆ ಕೊರತೆ ಇರಲಿಲ್ಲ. ಆ ಕೆಲವು ವಾರಗಳ ಕರುಣೆ ಇನ್ನೊಂದು ತಿಂಗಳು ಮುಂದುವರಿದಿದ್ದರೆ ಅಬ್ಬಿ ಸಾಯುವವರೆಗೂ ಒಳಲೆಯ ಮೂತಿಯಲ್ಲೇ ಬದುಕಬೇಕಾಗಿತ್ತು.

ನಾನು ಸಂಬಳವಿಲ್ಲದ ರಜೆಗೆ ಬರೆದು ಹಾಕಿದೆ. ಬೆಣೆಯನ್ನು ಕೆಳಗಿಳಿಸಿ ಕುದಿಯಲು ಇಟ್ಟೆ. ಮಾವ ಅಡುಗೆಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಹೆಣೆ, ನೀನ್ ಮಾಡುದ್ ಪೋಲಿಸ್ರ್ ಮಾಡು ಕೆಲ್ಸ. ಈ ಮನಿಯಗೆ ಅದ್ ಬ್ಯಾಡ. ಶಾಲಿಗ್ ಹೋಗ್."

"ಮನಿ ಹೆಣ್ ಮಕ್ಕಳದ್ದ್ ಮಾವ," ಎಂದೆ. "ನಂಗೆ ಹೋಗ್ ಅಂಬುಕೆ ನಿಮ್ಗೆ ಆತ್ತಿಲ್ಲೆ."

ಅದು ಕಟ್ಟಳೆಯ ಮಾತು. ಬಾಗಿಲು ಬಿಟ್ಟರು. ಆದರೆ ಆ ದಿನದಿಂದ ನನ್ನ ಹತ್ತಿರ ಮಾತು ಬಿಟ್ಟರು.

ಎರಡನೇ ಸಲದ ಕೆಲಸ ಮೊದಲಿಗಿಂತ ಕೆಟ್ಟದಾಗಿತ್ತು. ಬಿಗಿದ ಚರ್ಮ ಅಗಲುವುದಿಲ್ಲ, ಹರಿಯುತ್ತದೆ. ಅಬ್ಬಿಗೆ ಈಗ ಒಳಲೆಯ ಸುಖ ಗೊತ್ತಿತ್ತು. ನನ್ನ ಹೆಜ್ಜೆ ಕೇಳಿದೊಡನೆ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಬೆಣೆಯನ್ನು ಉಗುಳಿ, ಉಳಿದ ಹಲ್ಲುಗಳಲ್ಲಿ ನನ್ನ ಬೆರಳು ಹಿಡಿದು ಕಚ್ಚಿದಳು. ಆ ಗುರುತು ಈಗಲೂ ಇದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬೆಣೆ ತೊಳೆದು ತಂದೆ, ಮತ್ತೆ ಇಟ್ಟೆ. ಕಚ್ಚಲು ಬಾಯಿ ತೆರೆಯಲೇಬೇಕಲ್ಲ, ತೆರೆದದ್ದಾಯಿತು ಎಂದು ಅವಳಿಗೆ ಹೇಳಿದೆ. ನಗಲಿಲ್ಲ.

ಹೀಗಿರುವಾಗ ಕದಿರು ತುಂಬಿತು. ನಮ್ಮ ಕಡೆ ಹೊಸ ಬೆಳೆಯ ಕದಿರನ್ನು ಮನೆಗೆ ತಂದು ಕಂಬಕ್ಕೆ, ಕಣಜಕ್ಕೆ ಕಟ್ಟಿ, ಹೊಸ ಅಕ್ಕಿಯ ಕಾಳು ಬೆರೆಸಿ ಉಣ್ಣುವ ದಿನವೊಂದಿದೆ. ಹೊಸ್ತು ಎನ್ನುತ್ತೇವೆ. ನಮ್ಮ ಮನೆಯ ಕ್ರಮದಲ್ಲಿ ಮೊದಲ ತುತ್ತು ಮನೆಯ ಹಿರಿ ಹೆಂಗಸಿನದ್ದು. ಅವಳು ತನ್ನ ಕೈಯಿಂದ ಉಂಡು ನುಂಗುವವರೆಗೆ ಬೇರೆ ಯಾರೂ ಎಲೆ ಮುಟ್ಟುವಂತಿಲ್ಲ. ಆಮೇಲೆ ಒಬ್ಬೊಬ್ಬರೂ ಅವಳ ಕಡೆ ನೋಡಿ, ಹೊಸ್ತು ಉಣ್ಣುತ್ತೇನೆ ಎಂದು ಅಪ್ಪಣೆ ಕೇಳಿ ಉಣ್ಣಬೇಕು. ಕುಟುಂಬದವರೆಲ್ಲ ಬಂದು ಕೂರುವ ಪಂಕ್ತಿ ಅದು. ಆ ಮೊದಲ ಎಲೆಗೆ ಕೂತವಳೇ ಮನೆಯ ಹಿರಿ ಹೆಂಗಸು ಎಂದು ಎಲ್ಲರಿಗೂ ಗೊತ್ತು. ಅಬ್ಬಿ ತನ್ನ ತಾಯಿ ಸತ್ತಂದಿನಿಂದ ಆ ಎಲೆಗೆ ಕೂತವಳು.

ಹೊಸ್ತಿನ ದಿನ ಕೇಳಲು ಬಂದ ನೆಂಟರಿಗೆ ಮಾವ ಜಗಲಿಯಲ್ಲಿ ಹೇಳುತ್ತಿದ್ದರು: "ಈ ಸರ್ತಿ ಹೊಸ್ತ್ ಸಣ್ಣಕ್ಕನೇ ಉಂಬುದ್. ಅಕ್ಕಂಗೆ ಒಳ್ಗೇ, ಒಳಲಿಯಗೆ ಕೊಡುವ. ಹತ್ತ್ ಜನ್ರ ಎದ್ರ್ ಅವ್ಳಿಗ್ ಎಂತಕ್ಕೆ ನಾಚ್ಕಿ." ಅವರು ಪ್ರೀತಿಯಿಂದಲೇ ಹೇಳಿದ್ದು. ಅವರ ಸಣ್ಣಕ್ಕ, ನನ್ನ ಚಿಕ್ಕಮ್ಮ, ಒಳಗೆ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಗೋಲು ನಿಂತು, ಮತ್ತೆ ತಿರುಗತೊಡಗಿತು.

ಅಬ್ಬಿಯ ಕಿವಿಗೆ ಏನೂ ಆಗಿರಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ನಾನು ಬೆಣೆ ಹಿಡಿದು ಹೋದಾಗ ಅವಳು ಗೋಡೆಯ ಕಡೆ ಹೊರಳಲಿಲ್ಲ. ಎದ್ದು ಕೂತಿದ್ದಳು. ಕೈ ಚಾಚಿದಳು. ಬೆಣೆಯನ್ನು ಕೊಟ್ಟೆ. ತಾನೇ ಹಲ್ಲಿನ ಸಂದಿಗೆ ಇಟ್ಟುಕೊಂಡು, ಅಂಗೈಯಿಂದ ಬಡಿದಳು. ನಾನು ಒತ್ತುತ್ತಿದ್ದೆ, ಅಷ್ಟೇ. ಅವಳು ಬಡಿದಳು. ರಕ್ತ ಗಲ್ಲದಿಂದ ಇಳಿದು ಸೆರಗಿಗೆ ಬಿತ್ತು. ಆಮೇಲಿನ ದಿನಗಳಲ್ಲಿ ಮೂರು ಹೊತ್ತು ಎಂಬ ಲೆಕ್ಕ ಅವಳು ಇಟ್ಟುಕೊಳ್ಳಲಿಲ್ಲ. ಕೂತಲ್ಲಿ, ನಿಂತಲ್ಲಿ ಬಾಯಿಯಲ್ಲಿ ಬೆಣೆ. ಹಿಂದೆ ಎಲೆ ಅಡಿಕೆ ಇರುತ್ತಿದ್ದ ಹಾಗೆ. ಇಷ್ಟು ಸಾಕು, ಹರಿದುಕೊಂಡರೆ ಕೀವಾಗುತ್ತದೆ ಎಂದು ತಡೆಯುವ ಕೆಲಸವೂ ನನಗೇ ಬಂತು. ತಡೆದಾಗ ನನ್ನ ಕಡೆ ನೋಡುತ್ತಿದ್ದ ನೋಟ ಕಚ್ಚುವಾಗಿನ ನೋಟವೇ.

ಹೊಸ್ತಿನ ದಿನ ಚಿಕ್ಕಮ್ಮ ಮಿಂದು, ಪೆಟ್ಟಿಗೆಯ ಅಡಿಯಲ್ಲಿದ್ದ ಮದುವೆಯ ಸೀರೆ ಉಟ್ಟು ಬಂದಿದ್ದಳು. ಚಾವಡಿಯ ಉದ್ದಕ್ಕೂ ಬಾಳೆ ಎಲೆ ಹಾಕಿತ್ತು. ಬಡಿಸಿದ್ದಾಯಿತು. ಮಾವ ಚಿಕ್ಕಮ್ಮನನ್ನು ಮೊದಲ ಎಲೆಗೆ ಕರೆದರು. ಅವಳು ಸೀರೆಯ ನಿರಿಗೆ ಎತ್ತಿ ಕೂರಲು ಬಗ್ಗುವಷ್ಟರಲ್ಲಿ ಅಬ್ಬಿ ಒಳಗಿನಿಂದ ಬಂದಳು. ಮುಖ ಮುಚ್ಚಿಕೊಂಡಿರಲಿಲ್ಲ. ತಂಗಿಯನ್ನು ಮುಟ್ಟಲಿಲ್ಲ. ಎಲೆಯ ಎದುರು ನಿಂತಳು. ಚಿಕ್ಕಮ್ಮ ಬಗ್ಗಿದವಳು ಹಾಗೆಯೇ ಎದ್ದು, ಪಕ್ಕದ ಎಲೆಗೆ ಸರಿದಳು.

ಅಬ್ಬಿ ಕೂತು ತುತ್ತು ಕಲಸಿದಳು. ಬಾಯಿ ಒಂದು ಬೆರಳಿಗಿಂತ ತುಸು ಹೆಚ್ಚು ತೆರೆಯುತ್ತಿತ್ತು, ಅಷ್ಟೆ. ಅನ್ನವನ್ನು ಕಾಳುಕಾಳಾಗಿ ಹೆಬ್ಬೆರಳಿನಿಂದ ಒಳಗೆ ದೂಡಿದಳು. ಅರ್ಧ ಒಳಗೆ ಹೋಯಿತು, ಅರ್ಧ ಜೋತ ತುಟಿಯಿಂದ ಜೊಲ್ಲಿನೊಡನೆ ಹೊರಬಂದು ಎದೆಯ ಮೇಲೆ ಬಿತ್ತು. ಬಿದ್ದದ್ದನ್ನು ಹೆಕ್ಕಿ ಮತ್ತೆ ದೂಡಿದಳು. ಪಂಕ್ತಿಯಲ್ಲಿ ಯಾರೋ ಮುಖ ತಿರುಗಿಸಿದರು. ತಿರುಗಿಸಿದವರನ್ನು ಅವಳು ನೋಡಿ ಇಟ್ಟುಕೊಂಡಳು.

ಒಂದು ತುತ್ತು ನುಂಗಿದರೆ ಸಾಕಿತ್ತು. ಅವಳು ನಿಲ್ಲಿಸಲಿಲ್ಲ. ಎರಡನೆಯದು ಕಲಸಿದಳು. ಮೂರನೆಯದು. ಎಲೆಯ ಅನ್ನವಿಡೀ ಉಣ್ಣಲು ಹೊರಟಳು. ಸಾರು ತಣ್ಣಗಾಯಿತು. ಪಾಯಸಕ್ಕೆ ಕೆನೆ ಕಟ್ಟಿತು. ಎಳೆ ಮಕ್ಕಳು ಅತ್ತು, ತಾಯಂದಿರಿಂದ ಚಿವುಟಿಸಿಕೊಂಡು ಸುಮ್ಮನಾದವು. ಎಲ್ಲರೂ ಕೈಯನ್ನು ತೊಡೆಯ ಮೇಲಿಟ್ಟು ಅವಳ ಬಾಯಿಯನ್ನೇ ನೋಡುತ್ತ ಕೂರಬೇಕಾಯಿತು. ನೋಡಬೇಕು ಎಂದೇ ಅವಳು ಕೂರಿಸಿದ್ದು.

ಕೊನೆಗೆ ಮಾವ ಕೇಳಿದರು: "ಅಕ್ಕ, ಹೊಸ್ತ್ ಉಣ್ತೆ."

ಅಬ್ಬಿ ನೀರು ಕುಡಿದಳು. ಅವರು ಇನ್ನೊಮ್ಮೆ, ದನಿ ತಗ್ಗಿಸಿ ಕೇಳಿದರು. ಆಗ ತಲೆ ಆಡಿಸಿದಳು. ಚಿಕ್ಕಮ್ಮನ ಸರದಿ ಬಂದಾಗ ಅಬ್ಬಿ ಬಾಯಿ ತೆರೆದು ಮಾತಾಡಿದಳು. ಆಪರೇಶನ್ ಆದ ಮೇಲೆ ಮನೆಯವರೆಲ್ಲರಿಗೂ ಅರ್ಥವಾದ ಮೊದಲ ಮಾತು ಅದು.

"ಒಳಲಿ ಅಟ್ಟಕ್ಕೆ ಇಡ್. ನಿಂಗೆ ಅದ್ರ್ ಕೆಲ್ಸ ಇಲ್ಲೆ."

ಚಿಕ್ಕಮ್ಮ ಉಣ್ಣದೆ ಎದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಅಬ್ಬಿ ಮನೆಗೆ ವಾಪಸು ಬಂದದ್ದು ಮಂಗಳೂರಿನಿಂದಲ್ಲ, ಆ ಮಾತಿನಿಂದ ಎಂದು ನನಗೆ ಅನಿಸಿತು.

ಅದರ ಮರುದಿನ ನಾನು ಅವಳಿಗೆ ಬಡಿಸಲು ಹೋದೆ. ಅವಳು ಎಲೆಯ ಮೇಲೆ ಅಂಗೈ ಅಡ್ಡ ಇಟ್ಟಳು. ಸಾಕಾಯಿತೆಂದುಕೊಂಡು ಹಿಂದೆ ಸರಿದೆ. ಮಾವ ಬಡಿಸಿದಾಗ ಕೈ ತೆಗೆದಳು. ಮತ್ತೊಂದು ಹೊತ್ತೂ ಹಾಗೆಯೇ. ನಾನು ಕೊಟ್ಟ ನೀರನ್ನು ಕುಡಿಯುತ್ತಿರಲಿಲ್ಲ. ಅದೇ ಲೋಟವನ್ನು ಚಿಕ್ಕಮ್ಮ ಎತ್ತಿ ಕೊಟ್ಟರೆ ಕುಡಿಯುತ್ತಿದ್ದಳು. ಹೌದು, ಅದೇ ಚಿಕ್ಕಮ್ಮ. ಇಬ್ಬರೂ ಎಂದಿನಂತೆ ಜಗಳಾಡಿಕೊಂಡು ಒಬ್ಬರ ಕೈಯಿಂದ ಒಬ್ಬರು ಉಂಡರು. ಬೆಣೆಯನ್ನು ಅಬ್ಬಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ದಿನವೂ ತಾನೇ ಉಪಯೋಗಿಸಿದಳು. ಮುಂದಿನ ಹೊಸ್ತಿನ ಹೊತ್ತಿಗೆ ಎರಡು ಬೆರಳು ಸಲೀಸಾಗಿ ಹಿಡಿಯುತ್ತಿತ್ತು ಎಂದು ಬೇರೆಯವರಿಂದ ಕೇಳಿ ತಿಳಿದೆ. ನಾನು ಹತ್ತಿರ ಹೋದರೆ ತುಟಿ ಬಿಗಿಯುತ್ತಿದ್ದಳು.

ಶಾಲೆಗೆ ಮರಳಿದೆ. ರಜೆಗಳಲ್ಲಿ ಬರುತ್ತಿದ್ದೆ. ಅವಳ ಬಟ್ಟೆ ಒಗೆದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ವರ್ಷಕ್ಕೊಮ್ಮೆ ಮಂಗಳೂರಿಗೆ ತೋರಿಸಲು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದಳು. ನಾನು ಕೊಂಡ ಬಾಳೆಹಣ್ಣು ಅವಳ ಮಡಿಲಲ್ಲೇ ಕಪ್ಪಾಗುತ್ತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಕೆಲಸ ಬಾಯಿ ತೆರೆಸುವುದಾಗಿತ್ತು, ಅದು ಆಗಿತ್ತು.

ಎಪ್ಪತ್ತನೇ ಇಸವಿಯ ಆಚೆ ಈಚೆ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಈ ಸಲ ಕೊಯ್ಯುವಂಥದ್ದು ಏನೂ ಇಲ್ಲ ಎಂದು ವೈದ್ಯರು ಕಳಿಸಿದರು. ಒಂದು ಬೆಳಿಗ್ಗೆ ಗಂಜಿಯ ಹೊತ್ತಿಗೆ ಅವಳ ಉಸಿರು ಬದಲಾಯಿತು. ಕಣ್ಣು ಅರೆ ಮುಚ್ಚಿತ್ತು. ಕರೆದರೆ ಕೇಳುತ್ತಿರಲಿಲ್ಲ. ಬಾಯಿಗೆ ತುಳಸಿ ನೀರು ಬಿಡುವ ಹೊತ್ತು ಎಂದು ಮನೆಯವರು ಸೇರಿದರು. ಮಾವ ಮೊದಲು ಬಿಟ್ಟರು. ತುಟಿ ತೆರೆಯಲಿಲ್ಲ, ನೀರು ಕುಸಿದ ಕೆನ್ನೆಯ ಮೇಲಿಂದ ಹರಿದು ದಿಂಬು ಒದ್ದೆಯಾಯಿತು. ಚಿಕ್ಕಮ್ಮ ಅಳುತ್ತ, ಅಕ್ಕ, ಒಂದ್ ಗುಟುಕು ಎಂದು ಬೇಡಿದಳು. ಅದೂ ಹಾಗೆಯೇ ಹರಿದು ಹೋಯಿತು.

ನನ್ನ ಸರದಿ. ಚಮಚ ಎಡಗೈಗೆ ತೆಗೆದುಕೊಂಡು, ಬಲಗೈಯ ಹೆಬ್ಬೆರಳನ್ನು ಅವಳ ಗಲ್ಲದ ಮೇಲಿಟ್ಟೆ.

ಬಾಯಿ ತೆರೆಯಿತು. ಎರಡು ಬೆರಳು, ಒಂದರ ಮೇಲೊಂದು.

ಎದುರಿಗೆ ಕೂತಿದ್ದ ಚಿಕ್ಕಮ್ಮ ಅಳು ನಿಲ್ಲಿಸಿ ನೋಡಿದಳು. ಆಮೇಲೆ ಮಾವನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಾಣ್ ತಮ್ಮ. ಅಕ್ಕ ಸಾಯು ಹೊತ್ತಿಗೂ ಇವ್ಳಿಗೆ ಹೆದ್ರತ್."

ನಾನು ನೀರು ಬಿಟ್ಟೆ. ಒಂದು ಹನಿಯೂ ಹೊರಗೆ ಬರಲಿಲ್ಲ.